ಥಾರ್ನ್‌ಲೀ ಕೋರ್ಟಿನಲ್ಲಿ ಹೆಸರು ಕೂಗುವ ಬೆರಿಲ್

ಬೆಳಗಿನ ಏಳೂವರೆ. ಜನವರಿಯ ಸೂರ್ಯ ಇನ್ನೂ ಗುಡ್ಡದ ಆಚೆಗೇ ಇದ್ದಾನೆ. ಥಾರ್ನ್‌ಲೀ ಮ್ಯಾಜಿಸ್ಟ್ರೇಟ್ ಕೋರ್ಟಿನ ಎರಡನೇ ಕೊಠಡಿಗೆ ಬೆರಿಲ್ ಹ್ಯಾಲ್‌ಸ್ಟೆಡ್ ಮಡಚುವ ಪರದೆಯೊಂದನ್ನು ತಳ್ಳಿಕೊಂಡು ಬರುತ್ತಿದ್ದಾರೆ. ಹೊಡೆಸಿಕೊಂಡವನು ಸಾಕ್ಷಿ ಹೇಳುವಾಗ ಹೊಡೆದವನ ಮುಖ ಕಾಣಬಾರದು, ಅದಕ್ಕೆ ಈ ಪರದೆ. ಸಾಕ್ಷಿಯ ಕಟಕಟೆಯ ಪಕ್ಕ ಅದನ್ನು ನಿಲ್ಲಿಸಿ, ಆರೋಪಿಯ ಜಾಗಕ್ಕೆ ಹೋಗಿ ಕೂತು, ಕತ್ತು ಕೊಂಕಿಸಿ ನೋಡುತ್ತಾರೆ. ಸಂದಿಯಲ್ಲಿ ಸಾಕ್ಷಿಯ ಕುರ್ಚಿಯ ತುದಿ ಕಾಣುತ್ತದೆ. ಎದ್ದು ಬಂದು ಪರದೆಯನ್ನು ನಾಲ್ಕು ಬೆರಳು ಸರಿಸುತ್ತಾರೆ.

"ಹೊಡೆದವನ ಮೊಣಕೈ ಕಂಡ್ರೂ ಸಾಕು, ಮನುಷ್ಯನ ಬಾಯಿ ಕಟ್ಟಿಹೋಗುತ್ತೆ," ಎನ್ನುತ್ತಾರೆ.

ಅರವತ್ತೆರಡರ ಬೆರಿಲ್‌ಗೆ ಇದು ಹತ್ತೊಂಬತ್ತನೇ ವರ್ಷ. ಕಪ್ಪು ನಿಲುವಂಗಿ ತೊಟ್ಟು, ಕೈಯಲ್ಲಿ ಪಟ್ಟಿ ಹಿಡಿದು, ಪಡಸಾಲೆಯಲ್ಲಿ ಹೆಸರು ಕೂಗುವುದು ಕೆಲಸ. ಯಾರು ಬಂದರು, ಯಾರು ತಯಾರು, ಯಾರನ್ನು ಮೊದಲು ಒಳಗೆ ಬಿಡಬೇಕು ಎಂಬುದೆಲ್ಲ ಈ ಪಟ್ಟಿಯಲ್ಲಿ. ಅದಕ್ಕೂ ಮೊದಲು ಮನೆಯೊಳಗೆ ತೊಡುವ ಮೆತ್ತನೆ ಚಪ್ಪಲಿಯ ಕಾರ್ಖಾನೆಯಲ್ಲಿದ್ದರು. ಯಂತ್ರಗಳ ಸದ್ದನ್ನು ಮೀರಿ ಕೂಗಿ ಕೂಗಿ ಬಂದ ಗಂಟಲು ಅದು. ಕಾರ್ಖಾನೆ ಮುಚ್ಚಿತು. ಆಮೇಲೆ ಸರ್ಕಾರ ಸುತ್ತಲಿನ ಕೋರ್ಟುಗಳನ್ನೂ ಮುಚ್ಚುತ್ತ ಬಂತು. ಪಕ್ಕದೂರಿನ ನ್ಯಾಯಾಲಯ ಈಗ ಮದುವೆ ಛತ್ರ. ಅಲ್ಲಿನ ಕೇಸುಗಳೆಲ್ಲ ಇಲ್ಲಿಗೇ. ಆರು ಜನ ಮಾಡುತ್ತಿದ್ದ ಕೆಲಸಕ್ಕೆ ಈಗ ಇಬ್ಬರು. ಊಟದ ಹೊತ್ತಿಗೆ ಬೆರಿಲ್ ಮೂವತ್ತು ನಲವತ್ತು ಹೆಸರು ಕೂಗಿರುತ್ತಾರೆ.

ಇಂದಿನ ಪಟ್ಟಿಯಲ್ಲಿ ಬಸ್ ಚಾಲಕ ಸ್ಟುವರ್ಟ್ ಆಸ್ಪಿನಾಲ್ ಇದ್ದಾರೆ. ಬಸ್ಸಿನಲ್ಲಿ ಸಿಗರೇಟು ಆರಿಸು ಎಂದದ್ದಕ್ಕೆ ಪ್ರಯಾಣಿಕನೊಬ್ಬ ಬಾರಿಸಿದ. ಎರಡು ಹಲ್ಲು ಹೋದವು, ಕೆನ್ನೆಗೆ ಒಂಬತ್ತು ಹೊಲಿಗೆ. ಚಾಲಕನೇ ಮೊದಲು ಕೈ ಎತ್ತಿದ್ದು ಎನ್ನುತ್ತಾನೆ ಆರೋಪಿ. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಸ್ಟುವರ್ಟ್ ಬಾಯಿ ಬಿಟ್ಟು ಹೇಳದಿದ್ದರೆ ಕೇಸೇ ಇಲ್ಲ. ಹದಿನಾಲ್ಕು ತಿಂಗಳಿಂದ ಆತ ಬಸ್ ಓಡಿಸಿಲ್ಲ, ಡಿಪೋದಲ್ಲಿ ಬಸ್ ತೊಳೆಯುತ್ತಾರೆ. ಎರಡು ಸಲ ಕೋರ್ಟಿಗೆ ಬಂದು ವಾಪಸು ಹೋಗಿದ್ದಾರೆ. ಒಮ್ಮೆ ಹೊತ್ತು ಸಾಲಲಿಲ್ಲ, ಒಮ್ಮೆ ಕಟ್ಟಡ ಬೆಚ್ಚಗಿಡುವ ಬಾಯ್ಲರ್ ಕೆಟ್ಟಿತ್ತು.

"ಇವತ್ತೂ ಆಗ್ಲಿಲ್ಲ ಅಂದ್ರೆ ನಾನಿನ್ನು ಬರಲ್ಲ ಬೆರಿಲ್," ಎನ್ನುತ್ತಾರೆ ಸ್ಟುವರ್ಟ್, ಕೋಟನ್ನೂ ಬಿಚ್ಚದೆ.

"ಕೇಸಿನ ಮಾತು ನನ್ನ ಹತ್ರ ಆಡೋ ಹಾಗಿಲ್ಲ ಚಿನ್ನಾ. ಬೇರೆ ಏನಾದ್ರೂ ಹೇಳು. ಆ ನಿನ್ನ ನಾಲ್ಕನೇ ನಂಬರ್ ಬಸ್ಸು ಒಂದಿನಾನಾದ್ರೂ ಟೈಮಿಗೆ ಬಂದಿತ್ತಾ?"

"ನಿಮ್ಮ ಕೋರ್ಟಿಗಿಂತ ಬೇಗ ಬರ್ತಿತ್ತು."

ಬೆರಿಲ್ ಜೋರಾಗಿ ನಗುತ್ತಾರೆ. ಆದರೆ ಅವರಿಗೆ ಗೊತ್ತು, ಹತ್ತು ಗಂಟೆಗೆ ಅದೇ ಕೊಠಡಿಗೆ ಇನ್ನೊಂದು ವಿಚಾರಣೆಯೂ ಇದೆ. ಇದು ಕಣ್ತಪ್ಪಲ್ಲ, ಪದ್ಧತಿ. ಒಂದು ಕೊಠಡಿಗೆ ಎರಡು ವಿಚಾರಣೆ ಹಾಕುವುದು, ಒಂದರಲ್ಲಾದರೂ ಸಾಕ್ಷಿ ಬರುವುದಿಲ್ಲ ಎಂದು ಕಾಯುವುದು. ಪೆಟ್ಟು ತಿಂದವನು ಸೋತು ಮನೆಯಲ್ಲೇ ಉಳಿಯುತ್ತಾನೆ ಎಂಬ ನಂಬಿಕೆಯ ಮೇಲೆ ಒಂದು ದೇಶ ತನ್ನ ನ್ಯಾಯದ ವೇಳಾಪಟ್ಟಿ ಬರೆಯುತ್ತದೆ!

ಇಂದು ಎರಡೂ ಕೇಸಿನವರು ಬಂದಿದ್ದಾರೆ. ಇನ್ನೊಂದರ ಆರೋಪಿ ಜೈಲಿನಲ್ಲಿದ್ದುಕೊಂಡು ವಿಚಾರಣೆಗೆ ಕಾಯುತ್ತಿರುವವನು, ಅದಕ್ಕೆ ಅವನದ್ದೇ ಮೊದಲು. ಆದರೆ ಆ ಕೇಸಿನ ವಿಡಿಯೋ ಬಂದಿರುವುದು ಡಿಸ್ಕಿನಲ್ಲಿ. ಡಿಸ್ಕ್ ಹಾಕುವ ಯಂತ್ರವನ್ನು ಕೋರ್ಟಿನಿಂದ ಹೋದ ವರ್ಷವೇ ಕಿತ್ತು ಒಯ್ದಿದ್ದಾರೆ.

"ಐದೇ ನಿಮಿಷ, ಸರಿಹೋಗುತ್ತೆ," ಎನ್ನುತ್ತಾನೆ ಸರ್ಕಾರಿ ವಕೀಲ.

"ಈ ಕಟ್ಟಡದ ಐದು ನಿಮಿಷ ನಂಗೊತ್ತಿಲ್ವೇನಪ್ಪಾ?" ಎನ್ನುತ್ತಾರೆ ಬೆರಿಲ್.

ಹನ್ನೊಂದು ಕಾಲು. ಪಡಸಾಲೆಯ ಕಿಟಕಿಯಲ್ಲಿ ಬೆರಿಲ್‌ಗೆ ಸ್ಟುವರ್ಟ್ ಬೆನ್ನು ಕಾಣುತ್ತದೆ. ಆತ ರಸ್ತೆ ದಾಟುತ್ತಿದ್ದಾರೆ. ಬೆರಿಲ್ ನೇರ ಕೊಠಡಿಗೆ ನುಗ್ಗಿ, ಪೀಠದ ಮುಂದೆ ಕೂತು ಮ್ಯಾಜಿಸ್ಟ್ರೇಟರಿಗೆ ಕಾನೂನು ತಿಳಿಸುವ ಸಲಹೆಗಾರ್ತಿ ಫರ್ಹಾನಾ ಮಲಿಕ್ ಅವರ ಕಿವಿಯ ಬಳಿ ಬಾಗುತ್ತಾರೆ.

"ಮೇಡಂ, ಆ ಕೇಸಲ್ಲಿ ಒಂದು ಡಿಸ್ಕ್ ತಯಾರಿಲ್ಲ. ಈ ಕೇಸಲ್ಲಿ ಒಬ್ಬ ಮನುಷ್ಯ ತಯಾರಿದಾನೆ. ಬೇಗ ಹೇಳಿ, ಅವನು ಹೊರಟ."

ಫರ್ಹಾನಾ ಎದ್ದು ಪೀಠಕ್ಕೆ ಹೇಳುತ್ತಾರೆ. ಮೂವರು ಮ್ಯಾಜಿಸ್ಟ್ರೇಟರು ತಲೆ ಕೂಡಿಸುತ್ತಾರೆ. "ಆಸ್ಪಿನಾಲ್ ಅವರನ್ನು ಕರೆಯಿರಿ."

ಬೆರಿಲ್ ನಿಲುವಂಗಿಯಲ್ಲೇ ಆಲಿಕಲ್ಲಿನ ಮಳೆಗೆ ಓಡುತ್ತಾರೆ. ಬಸ್ ಬಂದು ನಿಂತಿದೆ. ಸ್ಟುವರ್ಟ್ ಅವರ ಒಂದು ಕಾಲು ಮೆಟ್ಟಿಲ ಮೇಲಿದೆ.

"ಸ್ಟುವರ್ಟ್ ಆಸ್ಪಿನಾಲ್! ಸ್ಟುವರ್ಟ್ ಆಸ್ಪಿನಾಲ್!"

ಇಡೀ ಬಸ್ಸು ತಿರುಗಿ ನೋಡುತ್ತದೆ. ಸ್ಟುವರ್ಟ್ ಮುಖ ಕೆಂಪಾಗಿಸಿಕೊಂಡು ಕೆಳಗಿಳಿಯುತ್ತಾರೆ. "ಊರಿಗೆಲ್ಲ ಡಂಗುರ ಹೊಡೀಬೇಕಿತ್ತಾ?"

"ನಿನ್ನ ಸರದಿ ಬಂತು. ನಡಿ, ನಡಿ."

ಪರದೆಯ ಹಿಂದೆ ಸ್ಟುವರ್ಟ್ ನಲವತ್ತು ನಿಮಿಷ ಮಾತಾಡುತ್ತಾರೆ. ಆರೋಪಿಯ ವಕೀಲ ಎರಡು ಸಲ "ನೀವೇ ಮೊದಲು ಹೊಡೆದಿರಿ ಅಲ್ಲವೇ?" ಎಂದಾಗ, "ನನ್ನ ಎರಡೂ ಕೈ ಸ್ಟೀರಿಂಗ್ ಮೇಲಿತ್ತು ಸ್ವಾಮಿ," ಎಂಬ ಉತ್ತರ ಎರಡೂ ಸಲ ಒಂದೇ ದನಿಯಲ್ಲಿ ಬರುತ್ತದೆ. ಮೂರು ಗಂಟೆಗೆ ತೀರ್ಪು: ಅಪರಾಧ ಸಾಬೀತು. ಶಿಕ್ಷೆ ಮೂರು ವಾರದ ನಂತರ.

"ನಾನು ಮತ್ತೆ ಬರಬೇಕಾ?" ಸ್ಟುವರ್ಟ್ ಕೇಳುತ್ತಾರೆ.

"ಬೇಡ. ನಿನ್ನದು ಮುಗೀತು."

ಆತ ಬೆಂಚಿನ ಮೇಲೆ ಕುಸಿದು ಕೂತು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಾರೆ. ಒಳಗಿನ ಅಂಗಿ ಬೆವರಿಗೆ ಒದ್ದೆ. ಉಳಿದ ಹಲ್ಲುಗಳನ್ನೆಲ್ಲ ತೋರಿಸಿ ನಗುತ್ತಾರೆ. ಬೆರಿಲ್ ಬಂದು ಪಕ್ಕದಲ್ಲಿ ಕೂರುತ್ತಾರೆ.

ಡಿಸ್ಕಿನ ಕೇಸಿನವರನ್ನು ಏಪ್ರಿಲ್‌ಗೆ ಬನ್ನಿ ಎಂದು ಕಳಿಸಲಾಗಿದೆ. ಆ ಮಾತನ್ನು ಅವರಿಗೆ ಹೇಳಿದವರೂ ಬೆರಿಲ್ಲೇ. ನಾಳೆಯ ಪಟ್ಟಿ ಆಗಲೇ ಅಚ್ಚಾಗಿ ಬಂದಿದೆ: ಎರಡನೇ ಕೊಠಡಿ, ಹತ್ತು ಗಂಟೆ, ಎರಡು ವಿಚಾರಣೆ.

ಸಂಬಳ, ಬಡ್ತಿ, ಸನ್ಮಾನ, ಏನಾದರೂ ಆಸೆ ಇದೆಯೇ ಎಂದರೆ ಬೆರಿಲ್ ಪಟ್ಟಿಯ ಮೇಲೆ ಬೆರಳಿಡುತ್ತಾರೆ.

"ಜನ ಬಂದೇ ಬರ್ತಾರೆ ಅಂತ ನಂಬಿ ಈ ಪಟ್ಟಿ ಬರೀಲಿ. ನಾನು ನೋಡಿದೀನಲ್ಲ, ನಡುಗ್ಕೊಂಡಾದ್ರೂ ಬರ್ತಾರೆ."