ಲಡಾಖಿನಲ್ಲಿ ನಾವೇ ಹಾಕಿ ನಾವೇ ಕಿತ್ತ ಬೇಲಿ

ಮೂರು ವರ್ಷಗಳ ಹಿಂದೆ, ದಸರೆ ಮುಗಿದ ಮೇಲೆ, ನಾನು ಮತ್ತು ಗೆಳೆಯ ಖಾಜಾ, ಮನೆಗಳಿಗೆ ಬೇಲಿ ಹಾಕುವ ಕೆಲಸಕ್ಕೆ ಲಡಾಖಿಗೆ ಹೋಗಿದ್ದೆವು. ನಾನು ಸುರಪುರದವನು, ಅವನು ಶಹಾಪುರದವನು. ನಮ್ಮ ಬಿಸಿಲಲ್ಲಿ ಬೆಳೆದವರಿಗೆ ಚಳಿ ಎಂದರೆ ಸಂಕ್ರಾಂತಿ ಬೆಳಗಿನ ಚಳಿ, ಅಷ್ಟೇ.

ಲೇಹ್ ಪಟ್ಟಣದಿಂದ ಬಹಳ ಮೇಲಿದ್ದ ಒಂದು ಹಳ್ಳಿಯಲ್ಲಿ ಡೋಲ್ಮಾ ಎಂಬ ವಿಧವೆಯ ಮನೆ. ಪಕ್ಕದಲ್ಲೇ ಅವರ ಮೈದುನನ ಮನೆ. ಜಾಗದ ಜಗಳದಿಂದ ಇಬ್ಬರ ನಡುವೆ ಮಾತು ನಿಂತಿತ್ತು. ಆ ಎರಡು ಅಂಗಳಗಳ ನಡುವೆ ಬೇಲಿ ಹಾಕುವುದೇ ನಮ್ಮ ಕೆಲಸ.

ಗುಂಡಿ ಸೊಂಟದಾಳ ಇರಬೇಕೆಂದು ಡೋಲ್ಮಾ ಹೇಳಿದರು. ಚಳಿಗಾಲದಲ್ಲಿ ನೆಲ ಹೆಪ್ಪುಗಟ್ಟಿ ಉಬ್ಬಿದರೆ ಆಳವಿಲ್ಲದೆ ನೆಟ್ಟ ಕಂಬವನ್ನು ಎತ್ತಿ ಒಗೆಯುತ್ತದಂತೆ.

"ನಮ್ಮ ಎರಿ ಹೊಲ ಮಳಿಯಾಗ ಉಬ್ಬಿದಂಗ ಇಲ್ಲಿ ಥಂಡಿಗೆ ಉಬ್ಬತದ ನೋಡಪಾ" ಎಂದು ಖಾಜಾ ನಕ್ಕ.

ಬೆಳಿಗ್ಗೆ ಹಾರೆ ಹಾಕಿದರೆ ಮಣ್ಣು ಠಣ್ ಎನ್ನುತ್ತಿತ್ತು. ಬಿಸಿಲೇರುವ ತನಕ ಕಾಯ್ದು ತೋಡಿ, ತಳಕ್ಕೆ ಜಲ್ಲಿ ಸುರಿದು ಕಂಬ ನಿಲ್ಲಿಸುತ್ತಿದ್ದೆವು.

ಬೇಲಿ ಮುಗಿಯುತ್ತ ಬಂದ ದಿನ ಖಾಜಾ ಎದ್ದಾಗಿನಿಂದ ಕೆಮ್ಮುತ್ತಿದ್ದ. ಕೇಳಿದರೆ, "ಏನಿಲ್ಲೋ, ಥಂಡಿ ಹತ್ಯಾದ" ಎಂದ. ಮಧ್ಯಾಹ್ನ ತಂತಿ ಎಳೆಯುತ್ತಿದ್ದವನು ಹಾಗೇ ಕುಸಿದ. ತುಟಿ ನೀಲಿಯಾಗಿತ್ತು. ಎದೆಯೊಳಗೆ ನೀರು ಕುದಿಯುವ ಸದ್ದು.

ಅಲ್ಲಿಯವರೆಗೆ ಹಿಂದಿಯಲ್ಲಿ ಮಾತಾಡುವುದೆಲ್ಲ ಅವನದೇ ಕೆಲಸ. ಆ ಗಾಬರಿಯಲ್ಲಿ ನನ್ನ ಬಾಯಿಗೆ ಬಂದದ್ದು ನಮ್ಮ ಮಾತೇ: "ಅಮ್ಮಾರ, ಲಗೂ ಬರ್ರೀ! ಇವಂಗ ಉಸುರು ಬರವಲ್ದು!"

ಡೋಲ್ಮಾ ಓಡಿ ಬಂದರು. ಅವನ ತುಟಿ ನೋಡಿದ್ದೇ, "ಎತ್ತರದ ಕಾಯಿಲೆ. ಈಗಲೇ ಕೆಳಗಿನ ಆಸ್ಪತ್ರೆಗೆ ಒಯ್ಯಬೇಕು" ಎಂದರು. ಹತ್ತಿರ ಇದ್ದದ್ದು ಮೈದುನನ ಜೀಪು ಒಂದೇ. ಡೋಲ್ಮಾ ಮನೆಯ ಮುಂದಿನ ಓಣಿಯಲ್ಲಿ ಅದು ಹಿಡಿಯದು. ಅವನ ಅಂಗಳದಿಂದ ನೇರ ಬರಬೇಕು. ನಡುವೆ ಅವನನ್ನು ಹೊತ್ತು ದಾಟಿಸಲಾಗದ ಬೇಲಿ.

ಅವರು ಬೇಲಿಯ ಹತ್ತಿರ ಹೋಗಿ ಮೈದುನನ ಹೆಸರು ಹಿಡಿದು ಕೂಗಿದರು. ಅವನು ಹೊರಬಂದು, ಖಾಜಾನನ್ನು ನೋಡಿ, ಏನೂ ಕೇಳದೆ ಕೀಲಿಕೈ ತರಲು ಒಳಗೆ ಓಡಿದ. ಡೋಲ್ಮಾ ನನ್ನತ್ತ ತಿರುಗಿ, "ಕೀಳು" ಎಂದರು. ನಾನು ತಂತಿ ಕತ್ತರಿಸಿದೆ. ಅಷ್ಟರಲ್ಲಿ ಮೈದುನನೂ ಬಂದ, ಮೂವರೂ ಸೇರಿ ಕಂಬಗಳನ್ನು ಅಲ್ಲಾಡಿಸಿ ಕಿತ್ತೆವು. ಜೀಪು ಒಳಗೆ ಬಂತು. ದಾರಿಯುದ್ದಕ್ಕೂ ಡೋಲ್ಮಾ ಖಾಜಾನ ತಲೆಯನ್ನು ಎದೆಗೆ ಆನಿಸಿಕೊಂಡು, "ಮಗನೇ, ಕಣ್ಣು ಮುಚ್ಚಬೇಡ" ಎನ್ನುತ್ತಲೇ ಇದ್ದರು.

ಆಮ್ಲಜನಕ ಹಾಕಿದ ಮೇಲೆ ಸಂಜೆ ಹೊತ್ತಿಗೆ ಅವನ ತುಟಿಗೆ ಬಣ್ಣ ಬಂತು. ಹೊರಗೆ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಅತ್ತಿಗೆ, ಮೈದುನ ಮಾತಿಲ್ಲದೆ ಕೂತಿದ್ದರು.

ಮರುದಿನ ನಮ್ಮ ಸಾಮಾನು ತರಲು ಹೋದಾಗ ಡೋಲ್ಮಾ, "ಬೇಲಿ ಮತ್ತೆ ಹಾಕಿ ಹೋಗು" ಎಂದರು. ಇಬ್ಬರೂ ಒಂದಾಗಿರಬಹುದು ಎಂದುಕೊಂಡಿದ್ದೆ. ಅವರೇ ಹೇಳಿದರು: "ಜಗಳ ನಮ್ಮದು. ಅದಕ್ಕೆ ನಿನ್ನ ಗೆಳೆಯ ಯಾಕೆ ಸಾಯಬೇಕು?"

ಮೈದುನ ಆ ಕಡೆಯಿಂದ ಕಂಬ ನೆಟ್ಟಗೆ ಹಿಡಿದ. ಅವರು ಈ ಕಡೆಯಿಂದ ಜಲ್ಲಿ ಸುರಿದರು. ಒಂದು ಮಾತೂ ಇಲ್ಲ.

ಖಾಜಾ ಈಗ ಶಹಾಪುರದಲ್ಲಿ ವೆಲ್ಡಿಂಗ್ ಕೆಲಸ ಮಾಡಿಕೊಂಡಿದ್ದಾನೆ. ಹೋದ ವರ್ಷ ಮಗಳು ಹುಟ್ಟಿದಾಗ ಡೋಲ್ಮಾಗೂ ಅವರ ಮೈದುನನಿಗೂ ಬೇರೆ ಬೇರೆ ಫೋನ್ ಮಾಡಿ ಹೇಳಿದ. ಅವರ ಮುನಿಸು ಇನ್ನೂ ಇದೆಯೋ ಇಲ್ಲವೋ, ಕೇಳುವ ಧೈರ್ಯ ನಮಗಾಗಲಿಲ್ಲ. ಮಾತು ಬಿಟ್ಟವರನ್ನು ಯಾರಾದರೂ ಕಲ್ಲು ಮನಸ್ಸಿನವರು ಅಂದರೆ ಮಾತ್ರ ನನಗೆ ತಡೆಯಲಾಗುವುದಿಲ್ಲ.