ಇಪ್ಪತ್ತೈದರ ಮುಂದಿನ ಮೂರು ಸೊನ್ನೆ

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ, ಕಾರ್ಖಾನೆಗಳ ಅಳತೆ ಉಪಕರಣಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಸಣ್ಣ ಪ್ರಯೋಗಾಲಯವೊಂದಿದೆ. ಹತ್ತೊಂಬತ್ತು ವರ್ಷ ಆ ಪತ್ರಗಳನ್ನೆಲ್ಲ ಟೈಪ್ ಮಾಡಿದವನು ಲಕ್ಷ್ಮೀಪತಿ. ಹಳೆಯ ಪತ್ರ ತೆರೆದು, ಹಿಂದಿನ ಗಿರಾಕಿಯ ಹೆಸರಳಿಸಿ, ಹೊಸದನ್ನು ತುಂಬಿ, ಕೊನೆಗೆ ಒಂದೊಂದು ಅಂಕಿಯನ್ನೂ ಗಟ್ಟಿಯಾಗಿ ಓದುತ್ತಿದ್ದ. ಒಮ್ಮೆ ಲಗ್ಗೆರೆಯವರ ಪತ್ರದಲ್ಲಿ ಬಿನ್ನಿಪೇಟೆಯವರ ವಿಳಾಸ ಉಳಿದುಹೋದ ಮೇಲೆ ಶುರುವಾದ ಓದು ಅದು. "ಇಪ್ಪತ್ತೈದು ಪಾಯಿಂಟ್ ಸೊನ್ನೆ, ಸೊನ್ನೆ, ಸೊನ್ನೆ" ಎಂಬ ಅವನ ರಾಗ ಕೇಳದೆ ಅಲ್ಲಿ ಯಾರಿಗೂ ಕೆಲಸ ಆರಂಭವಾದಂತೆ ಅನಿಸುತ್ತಿರಲಿಲ್ಲ.

ಆ ರಾಗವನ್ನು ನಿಲ್ಲಿಸಿದವಳು, ಗದಗಿನಿಂದ ಬಂದು ಎರಡು ತಿಂಗಳಾಗಿದ್ದ ನೀಲಾಂಬಿಕಾ. ಗಿರಾಕಿಗಳ ಹೆಸರು, ಅಳತೆಗಳನ್ನೆಲ್ಲ ಒಂದು ಸ್ಪ್ರೆಡ್‌ಶೀಟಿನಲ್ಲಿ ತುಂಬಿದಳು. ಪತ್ರದ ಒಂದು ಟೆಂಪ್ಲೇಟ್ ಮಾಡಿ, ಹೆಸರು ಮತ್ತು ಅಂಕಿ ಬರಬೇಕಾದ ಜಾಗಗಳನ್ನು ಆ ಹಾಳೆಗೆ ಜೋಡಿಸಿದಳು. ಗುಂಡಿ ಒತ್ತಿದರೆ ಸಾಲಿಗೊಂದು ಪತ್ರ. ಶುಕ್ರವಾರ ಅರವತ್ತೆರಡು ಪತ್ರಗಳು ಒಟ್ಟಿಗೆ ಹೊರಬಂದವು.

"ಸಾರ್, ನಿಮ್ ಮೂರು ದಿನದ ಕೆಲಸ. ನನ್ ಟೀ ಇನ್ನೂ ಆರಿಲ್ಲ," ಎಂದ ಅಳತೆ ತೆಗೆಯುವ ಮುತ್ತುರಾಜ.

ಲಕ್ಷ್ಮೀಪತಿ ತನ್ನ ಹೊಟ್ಟೆಕಿಚ್ಚನ್ನು ಬೇರೆ ಹೆಸರಿನಿಂದ ಕರೆದುಕೊಳ್ಳಲಿಲ್ಲ. ಅಷ್ಟು ಪ್ರಾಮಾಣಿಕತೆ ಅವನಲ್ಲಿತ್ತು. ಅವಳು ಕುರ್ಚಿಗೆ ಬೆನ್ನು ಒರಗಿಸಿ ಕೂರುವುದೂ ಅವನಿಗೆ ಚುಚ್ಚುತ್ತಿತ್ತು. ತಾನು ಇಷ್ಟು ವರ್ಷಗಳಲ್ಲಿ ಒಮ್ಮೆಯಾದರೂ ಒರಗಿದ್ದು ಅವನಿಗೆ ನೆನಪಿರಲಿಲ್ಲ.

ಮಾಲೀಕ ಶಿವಬಸಪ್ಪ ಪತ್ರಗಳ ಕಟ್ಟನ್ನು ತಂದು ಅವನ ಮುಂದಿಟ್ಟರು. "ನೋಡಿ ಸೈನ್ ಹಾಕಿ ಲಕ್ಷ್ಮೀಪತಿ. ಇದು ಸರಿಹೋದ್ರೆ ಸೋಮವಾರದಿಂದ ಪತ್ರ ಎಲ್ಲಾ ಈಯಮ್ಮನಿಗೆ. ನೀವು ಮುಂದಿನ ಕೌಂಟರ್‌ಗೆ ಬಂದ್ಬಿಡಿ, ಆರಾಮಾಗಿರಿ."

ಮೊದಲ ಪತ್ರದಲ್ಲೇ ಅವನಿಗೆ ಅದು ಕಂಡಿತು. ಮೈಕ್ರೊಮೀಟರ್ ಎಂಬ ಸೂಕ್ಷ್ಮ ಅಳತೆಯ ಉಪಕರಣದ ಮುಂದೆ ಬರೀ ಇಪ್ಪತ್ತೈದು ಎಂದಿತ್ತು. ಅವಳ ಹಾಳೆಯಲ್ಲಿದ್ದ ಮೂರು ಸೊನ್ನೆಗಳು ಪತ್ರಕ್ಕೆ ದಾಟುವಾಗ ಉದುರಿಹೋಗಿದ್ದವು. ಎರಡನೆಯದರಲ್ಲೂ ಅದೇ. ಬಹಳ ದಿನಗಳ ಮೇಲೆ ಅವನ ಎದೆ ಹಗುರವಾಯಿತು. ಗಿರಾಕಿಗಳು ಪತ್ರಗಳನ್ನು ಮರಳಿಸುತ್ತಾರೆ, ಟೆಂಪ್ಲೇಟ್ ಮೂಲೆ ಸೇರುತ್ತದೆ, ತನ್ನ ಕುರ್ಚಿ ತನಗೇ ಉಳಿಯುತ್ತದೆ. ತನ್ನ ಸಹಿಯ ಬಗ್ಗೆ ಕೇಳಿದರೆ ತಪ್ಪು ಹೊರಿಸಲು ಕಂಪ್ಯೂಟರ್ ಇದೆಯಲ್ಲ. ಮೂರು ಪತ್ರಗಳಿಗೆ ಸಹಿ ಹಾಕಿದ.

ನಾಲ್ಕನೆಯದಕ್ಕೆ ಮುತ್ತುರಾಜನ ಕೈಬರಹದ ಅಳತೆಯ ಚೀಟಿ ಅಂಟಿಕೊಂಡಿತ್ತು. ಕೋಣೆಯ ಉಷ್ಣತೆ ಅಳತೆಗೆ ಬೇಕಾದ ಇಪ್ಪತ್ತು ಡಿಗ್ರಿಗೆ ಇಳಿಯಲೆಂದು ಅವನು ಒಂದು ಗಂಟೆ ಕಾದಿದ್ದನ್ನು ಲಕ್ಷ್ಮೀಪತಿ ನೋಡಿದ್ದ. ಬರೀ ಇಪ್ಪತ್ತೈದು ಎಂದರೆ ಶಾಲೆಯ ಸ್ಕೇಲ್ ಇಟ್ಟು ನೋಡಿದ ಮಾತು. ಮುಂದಿನ ಮೂರು ಸೊನ್ನೆ, ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನವರೆಗೂ ಹುಡುಕಿದೆವು, ವ್ಯತ್ಯಾಸವೇನೂ ಸಿಗಲಿಲ್ಲ ಎಂಬ ಸಾಕ್ಷಿ. ಲಕ್ಷ್ಮೀಪತಿ ನಂಬುತ್ತಿದ್ದ ಸಂಗತಿಗಳು ಕಡಿಮೆ, ಅವುಗಳಲ್ಲಿ ಇದೊಂದು. ಪೆನ್ನು ಮುಂದೆ ಹೋಗಲಿಲ್ಲ.

"ನೀಲಾಂಬಿಕಾ, ಬನ್ನಿ ಇಲ್ಲಿ. ಹಾಳೇಲಿರೋ ಸೊನ್ನೆ ಪತ್ರದಲ್ಲಿ ಎಲ್ಲಿ ಹೋಯ್ತು?"

ಅವಳು ಪತ್ರವನ್ನು ಎತ್ತಿ ನೋಡಿದಳು. "ನಾ ನೋಡೇ ಇಲ್ರಿ ಸರ್." ಟೆಂಪ್ಲೇಟ್ ತೆರೆದು ಅಂಕಿಯ ಜಾಗದ ಪಕ್ಕದಲ್ಲಿ ಪುಟ್ಟದೊಂದು ಸೂಚನೆ ಟೈಪ್ ಮಾಡಿ, ಗುಂಡಿ ಒತ್ತಿದಳು. ಎಲ್ಲ ಪತ್ರಗಳಲ್ಲೂ ಸೊನ್ನೆಗಳು ಸಾಲಾಗಿ ನಿಂತಿದ್ದವು. "ಇನ್ನ ಮುಂದ ತಪ್ಪಂಗಿಲ್ರಿ ಸರ್. ಟೆಂಪ್ಲೇಟಿಗೆ ಒಮ್ಮೆ ಹೇಳಿದ್ರ ಆತು."

ಪ್ರತಿ ಸಲವೂ ತನ್ನನ್ನೇ ಕರೆದು ಕೇಳಬೇಕಾಗುತ್ತದೆ ಎಂಬ ಸಣ್ಣ ಆಸೆಯೊಂದು ಅವನಲ್ಲಿ ಉಳಿದಿತ್ತು. ಅದೂ ಹೋಯಿತು. ಹತ್ತೊಂಬತ್ತು ವರ್ಷದ ಎಚ್ಚರವನ್ನು ಆ ಟೆಂಪ್ಲೇಟ್ ಅರ್ಧ ನಿಮಿಷದಲ್ಲಿ ನುಂಗಿತ್ತು.

"ಏನ್ ಸಾರ್, ನೀವೇ ಹೇಳ್ಕೊಟ್ಟು ನೀವೇ ಜಾಗ ಖಾಲಿ ಮಾಡಿದ್ರಲ್ಲ," ಎಂದ ಮುತ್ತುರಾಜ.

"ನಿನ್ ಟೀ ಕುಡಿ," ಎಂದು ಲಕ್ಷ್ಮೀಪತಿ, ಸಹಿ ಹಾಕಿದ್ದ ಮೂರನ್ನೂ ಹರಿದು, ಹೊಸದಾಗಿ ಬಂದ ಅರವತ್ತೆರಡಕ್ಕೂ ಸಹಿ ಹಾಕಿದ.

ಸೋಮವಾರ ಕೌಂಟರಿನಲ್ಲಿ ಕೂತು ಉಪಕರಣಗಳಿಗೆ ಚೀಟಿ ಕಟ್ಟುತ್ತಿದ್ದಾಗ ಒಳಗಿನಿಂದ ದನಿಯೊಂದು ಬಂತು: "ಇಪ್ಪತ್ತೈದ್ ಪಾಯಿಂಟ್ ಸೊನ್ನಿ, ಸೊನ್ನಿ, ಸೊನ್ನಿ." ಟೆಂಪ್ಲೇಟಿಗೆ ಬೇಕಿಲ್ಲದ ಓದು. ಆದರೂ ನೀಲಾಂಬಿಕಾ ಓದುತ್ತಿದ್ದಳು, ಅವನದೇ ರಾಗದಲ್ಲಿ. ಬಾಗಿಲು ಮುಚ್ಚಲೆಂದು ಎದ್ದವನು ಚಿಲಕ ಹಿಡಿದು ನಿಂತೇ ಕೇಳಿದ, ಎಲ್ಲಿಯಾದರೂ ಒಂದು ಸೊನ್ನೆ ಬಿಡುತ್ತಾಳೇನೋ ಎಂದು. ಅವಳು ಒಂದನ್ನೂ ಬಿಡಲಿಲ್ಲ. ಅದನ್ನೇ ಅವನಿಂದ ಸಹಿಸಲಾಗಲಿಲ್ಲ.