ಮೂಗಿನಕ್ಕ ಕತ್ತರಿಸಿದ ತಂತಿ

ಬೆಳಗಿನ ಜಾವ. ತಗಡಿನ ಶೆಡ್ಡಿಗೆ ಮೂಗಿನಕ್ಕ, ವರದಿಗೆಂದು ಬಂದ ನಾನು ಬಿಟ್ಟರೆ ಇನ್ನೂ ಯಾರೂ ಬಂದಿಲ್ಲ. ಮೂಗಿನಕ್ಕ ಇಕ್ಕಳ ಹಿಡಿದು ಸ್ಟೂಲು ಹತ್ತಿ, ಹೊಗೆ ಎಳೆಯುವ ಫ್ಯಾನಿನ ಸ್ವಿಚ್ಚಿಗೆ ಯಾರೂ ಒತ್ತದಂತೆ ಸುತ್ತಿದ್ದ ತಂತಿಯನ್ನು ಕತ್ತರಿಸುತ್ತಾರೆ. "ಸಾಕು ಇವರ ಸಹವಾಸ," ಎಂದು ಸ್ವಿಚ್ಚು ಒತ್ತುತ್ತಾರೆ.

ಇಲ್ಲಿ ಜೋಳದ ದಂಟನ್ನು ದೊಡ್ಡ ಡ್ರಮ್ಮಿನಲ್ಲಿ ಹುರಿದು, ಪುಡಿ ಮಾಡಿ, ಬಾಯ್ಲರಿಗೆ ಹಾಕುವ ಉರುವಲಿನ ಉಂಡೆ ಕಟ್ಟುತ್ತಾರೆ. ಹುರಿತ ಕಮ್ಮಿಯಾದರೆ ನಾರು ಯಂತ್ರಕ್ಕೆ ಸುತ್ತಿಕೊಳ್ಳುತ್ತದೆ, ಉಂಡೆ ತೇವ ಹೀರುತ್ತದೆ. ಹೆಚ್ಚಾದರೆ ಸತ್ವವೆಲ್ಲ ಹೊಗೆಯಾಗಿ ಹೋಗುತ್ತದೆ. ವಾಸನೆಯಲ್ಲೇ ಹದ ಹೇಳುತ್ತಿದ್ದುದಕ್ಕೆ ಇವರಿಗೆ ಈ ಹೆಸರು ಬಂತು.

ಈಗ ಆ ಮೂಗಿಗೆ ಏನೂ ತಿಳಿಯುವುದಿಲ್ಲ. ಹೊಗೆ ತಿಂದುಹಾಕಿದೆ. ಹೊಗೆಯಿಂದ ದೂರವಿದ್ದರೆ ವಾಸನೆ ಮರಳಬಹುದು ಎಂದಿದ್ದಾರೆ ಡಾಕ್ಟರು. ಫ್ಯಾನು ತಲೆಯ ಮೇಲೇ ಇದೆ, ಓಡಿಸುವಂತಿಲ್ಲ! ಇದನ್ನು ಬರೆಯುವಾಗ ನನಗೇ ಮೈ ಉರಿಯುತ್ತದೆ.

ಒಮ್ಮೆ ತಪಾಸಣೆಯವರು ಬಂದಾಗ ಫ್ಯಾನು ಹಾಕಿದ್ದರು. ಅದು ತಂಪು ಗಾಳಿ ಎಳೆದು ಡ್ರಮ್ಮಿನ ಕಾವು ಇಳಿಯಿತು. ಡ್ರಮ್ಮನ್ನು ನಿಧಾನಿಸಿ ದಂಟನ್ನು ಇನ್ನಷ್ಟು ಹೊತ್ತು ಹುರಿಯಬೇಕಿತ್ತು, ಮೂಗಿನಕ್ಕ ಮರೆತರು. ಉಂಡೆಗಳೆಲ್ಲ ಮೆತ್ತಗಾಗಿ ವಾಪಸ್ಸು ಬಂದವು. ಫ್ಯಾನೇ ಅನಿಷ್ಟ ಎಂದು ಯಜಮಾನರು ಸ್ವಿಚ್ಚಿಗೆ ತಂತಿ ಸುತ್ತಿಸಿದರು.

"ತಪ್ಪು ನಂದು, ಬೈಸ್ಕೊಂಡೆ," ಎನ್ನುತ್ತಾರೆ ಅಕ್ಕ. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದಂಗಾಯ್ತು. ಕೇಳ್ದಾಗೆಲ್ಲ ನಾಳೆ ನೋಡೋಣ ಅಂತ ಮೂಗಿಗೆ ತುಪ್ಪ ಸವರ್ತಾರೆ. ಸವರೋಕೆ ಮೂಗೇ ಉಳಿದಿಲ್ವಲ್ಲಪ್ಪ!"

ಮನೆಯಲ್ಲಿ ಮಗಳು ಹೆತ್ತು ಮಲಗಿದ್ದಾಳೆ. "ಎಲ್ರೂ ಕೂಸಿನ ನೆತ್ತಿ ಮೂಸಿ ಆಹಾ ಅಂತಾರೆ. ನಾನೂ ಅಂದೆ, ಸುಳ್ಳಿಗೆ. ಅಜ್ಜಿಯಾಗಿ ಅಷ್ಟೂ ಬೇಡ್ವಾ ನಂಗೆ?" ಎನ್ನುತ್ತಾರೆ. ಮರುಗಳಿಗೆ, ಆಗಲೇ ದಂಟು ತುಂಬಿ ತಿರುಗುತ್ತಿರುವ ಡ್ರಮ್ಮಿನ ವೇಗ ತಗ್ಗಿಸಲು ಏಳುತ್ತಾರೆ. ಇವತ್ತು ಮರೆತಿಲ್ಲ.

ಬಾಗಿಲಲ್ಲಿ ಸೂಪರ್‌ವೈಸರ್ ಕಾಣಿಸಿಕೊಳ್ಳುತ್ತಾನೆ. "ಯಾರನ್ನ ಕೇಳಿ ಫ್ಯಾನ್ ಹಾಕಿದ್ರಿ? ಮಾಲು ಕೆಟ್ರೆ ಕೆಲಸಕ್ಕೆ ಬರೋದೇ ಬೇಡ."

ಅಕ್ಕ ಡ್ರಮ್ಮಿನಿಂದ ಒಂದು ದಂಟು ಎಳೆದು, ಆರಲು ಬಿಟ್ಟು, ಅವನ ಕಿವಿಯ ಹತ್ತಿರವೇ ಹಿಡಿದು ಮುರಿಯುತ್ತಾರೆ. ಲಟಕ್!

"ಹದ ಬಂದಿದೆ," ಎನ್ನುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಬರ್ಕೊಳ್ಳಿ. ಫ್ಯಾನ್ ಓಡ್ತಿರೋವಾಗ್ಲೇ ಬಂತು."